ಹೆರಿಗೆ ಕೋಣೆಯ ಭಾಷೆ ಮತ್ತು ಗಡಿನಾಡ ತಾಯಂದಿರ ಕಾಣದ ಗಾಯ

ಕರ್ನಾಟಕದ ಗಡಿಯೊಳಗಿನ 865 ಊರುಗಳ ಮರಾಠಿ ಭಾಷಿಕರಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ವಿಸ್ತರಿಸಲು 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಮುಂದಾದಾಗ ಎರಡೂ ರಾಜ್ಯಗಳ ನಾಯಕರು ಸಾಕಷ್ಟು ಮಾತನಾಡಿದರು. ಕರ್ನಾಟಕ ಅದನ್ನು ತನ್ನ ಆಡಳಿತದಲ್ಲಿ ಹಸ್ತಕ್ಷೇಪವೆಂದು ಆಕ್ಷೇಪಿಸಿತು. ಮಹಾರಾಷ್ಟ್ರ ತನ್ನ ಭಾಷಿಕರ ಹೊಣೆಯೆಂದು ಸಮರ್ಥಿಸಿಕೊಂಡಿತು. ಸರಿತಪ್ಪುಗಳ ವಿಚಾರ ಬೇರೆ. ಆದರೆ ಆ ಚರ್ಚೆಯಲ್ಲಿ ಒಂದು ತತ್ತ್ವವಂತೂ ಬಹಿರಂಗವಾಗಿ ಒಪ್ಪಿತವಾಯಿತು: ಭಾಷೆಗೂ ಆರೋಗ್ಯಕ್ಕೂ ಸಂಬಂಧವಿದೆ, ಭಾಷಿಕ ಅಲ್ಪಸಂಖ್ಯಾತರ ಆರೋಗ್ಯವನ್ನು ಪ್ರತ್ಯೇಕವಾಗಿ ಪರಿಗಣಿಸಬಹುದು. ಅದೇ ತತ್ತ್ವವನ್ನು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡ ಮನೆಗಳಿಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ದೊಡ್ಡ ಶಸ್ತ್ರಚಿಕಿತ್ಸೆಗಳ ವಿಮೆಯ ಮಾತು ಇಲ್ಲಿಲ್ಲ. ಬಸುರಿಗೆ ಮತ್ತು ಬಾಣಂತಿಗೆ ತಿಳಿಯುವ ಮಾತಿನಲ್ಲಿ ಹೇಳಿದರೆ ಹೆಚ್ಚು ಖರ್ಚಿಲ್ಲದೆ ದೊರೆಯುವ, ಹೇಳದಿದ್ದರೆ ಜೀವನಪರ್ಯಂತ ಕಾಡುವ ಒಂದು ವಿಷಯವನ್ನಷ್ಟೇ ಇಲ್ಲಿ ಎತ್ತಿಕೊಂಡಿದೆ.

ನಮ್ಮ ಭಾಗದ ಮದುವೆಗಳು ರಾಜ್ಯದ ಗಡಿಯನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಗಡಹಿಂಗ್ಲಜದ ಮಗಳು ಸಂಕೇಶ್ವರಕ್ಕೋ ಹುಕ್ಕೇರಿಗೋ ಸೊಸೆಯಾಗಿ ಹೋಗುತ್ತಾಳೆ. ನಿಪ್ಪಾಣಿಯ ಮಗಳು ಇಚಲಕರಂಜಿಗೆ ಬರುತ್ತಾಳೆ. ಕುಬಸ ಮುಗಿದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ಪದ್ಧತಿ. ಹೀಗೆ ಏಳನೆಯ ತಿಂಗಳಿನಲ್ಲಿ, ಹೆರಿಗೆಯ ಸಿದ್ಧತೆ ನಿಜವಾಗಿ ಆರಂಭವಾಗಬೇಕಾದ ಹೊತ್ತಿನಲ್ಲೇ, ಒಬ್ಬ ಗರ್ಭಿಣಿಯ ಆಶಾ ಕಾರ್ಯಕರ್ತೆ, ವೈದ್ಯರು, ಆಸ್ಪತ್ರೆ ಎಲ್ಲವೂ ಬದಲಾಗುತ್ತವೆ. ಕರ್ನಾಟಕದಿಂದ ಬಂದವಳ ಕೈಯಲ್ಲಿ ಕನ್ನಡದ ತಾಯಿ ಕಾರ್ಡ್ ಇರುತ್ತದೆ. ಇಲ್ಲಿನವಳ ಕೈಯಲ್ಲಿ ಮರಾಠಿಯ ಮಾತಾ ಬಾಲ ಸಂರಕ್ಷಣ ಕಾರ್ಡ್. ರಕ್ತದ ಪ್ರಮಾಣ, ತೂಕ, ರಕ್ತದೊತ್ತಡದ ಅಂಕಿಗಳು ಯಾವ ಭಾಷೆಯಲ್ಲಿದ್ದರೂ ವೈದ್ಯರಿಗೆ ಅರ್ಥವಾಗುತ್ತವೆ. ಅಂಕಿಗಳಲ್ಲಿ ಬರೆಯಲಾಗದ ಮಾತುಗಳು ಮಾತ್ರ ಗಡಿಯಲ್ಲೇ ಉಳಿದುಬಿಡುತ್ತವೆ. ಅಂತಹ ಮಾತುಗಳಲ್ಲಿ ಮೊದಲನೆಯದು ಶ್ರೋಣಿತಳದ್ದು.

ಶ್ರೋಣಿ ಎಂದರೆ ಸೊಂಟದ ಎಲುಬುಗಳ ಬಟ್ಟಲು. ಆ ಬಟ್ಟಲಿಗೆ ಎಲುಬಿನ ತಳವಿಲ್ಲ. ಮುಂದಿನ ಮೂಳೆಯಿಂದ ಹಿಂದಿನ ಬಾಲದೆಲುಬಿನವರೆಗೆ ಜೋಲಿಯಂತೆ ಹರಡಿಕೊಂಡ ಸ್ನಾಯುಗಳೇ ಅದರ ತಳ. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಎತ್ತಿ ಹಿಡಿಯುವುದು, ಮೂತ್ರ ಮಲಗಳನ್ನು ತಡೆಹಿಡಿಯುವುದು ಮತ್ತು ಬೇಕಾದಾಗ ಸಡಿಲಿಸುವುದು ಅವುಗಳ ಕೆಲಸ. ಗರ್ಭದ ಭಾರವನ್ನು ಒಂಬತ್ತು ತಿಂಗಳು ಹೊತ್ತ ಈ ಸ್ನಾಯುಗಳು, ಮಗುವಿನ ತಲೆ ಹೊರಬರುವ ಹೊತ್ತಿಗೆ ತಮ್ಮ ಸಹಜ ಉದ್ದದ ಮೂರು ಪಟ್ಟಿನಷ್ಟು ಹಿಗ್ಗಬೇಕಾಗುತ್ತದೆ. ದೇಹದ ಬೇರಾವ ಸ್ನಾಯುವೂ ಇಷ್ಟು ಹಿಗ್ಗಿ ಮತ್ತೆ ತನ್ನ ಸ್ಥಿತಿಗೆ ಮರಳುವುದಿಲ್ಲ. ಬಹಳಷ್ಟು ತಾಯಂದಿರಲ್ಲಿ ಅದು ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಹರಿಯುತ್ತದೆ, ಕೆಲವರಲ್ಲಿ ಸಡಿಲವಾಗಿಯೇ ಉಳಿಯುತ್ತದೆ. ಮೊದಲ ಹೆರಿಗೆ, ಮಗುವಿನ ತೂಕ ಹೆಚ್ಚಿರುವುದು, ಚಿಮ್ಮಟ ಹಾಕಿ ಮಗುವನ್ನು ತೆಗೆಯಬೇಕಾಗಿ ಬಂದದ್ದು, ತಳ್ಳುವ ಹಂತ ಬಹಳ ದೀರ್ಘವಾದದ್ದು, ಇವು ಅಪಾಯವನ್ನು ಹೆಚ್ಚಿಸುತ್ತವೆ.

ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಮೂತ್ರ ಸೋರುವುದು. ಕೆಳಗೆ ಏನೋ ಜಾರಿ ಬಂದಂತೆ ಭಾರವೆನಿಸುವುದು. ವಾಯು ಮಲಗಳ ಮೇಲೆ ಹಿಡಿತ ತಪ್ಪುವುದು. ಗಂಡನೊಡನೆ ಕೂಡುವಾಗ ನೋವಾಗುವುದು. ಇವು ಈ ದೌರ್ಬಲ್ಯದ ಲಕ್ಷಣಗಳು. ನಮ್ಮ ಮನೆಗಳಲ್ಲಿ ಇವುಗಳಿಗೆ ಸಿಗುವ ಉತ್ತರ ಒಂದೇ: ಹಡೆದವರಿಗೆಲ್ಲ ಹೀಗೇ ಆಗುತ್ತದೆ. ಸಾಮಾನ್ಯವೆಂಬುದು ನಿಜ, ಅನಿವಾರ್ಯವೆಂಬುದು ನಿಜವಲ್ಲ. 2020ರಲ್ಲಿ ಪ್ರಕಟವಾದ ಕಾಕ್ರನ್ ಸಂಸ್ಥೆಯ ಪರಾಮರ್ಶೆಯೊಂದು ಹಲವು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮೂತ್ರ ಸೋರುವ ತೊಂದರೆ ಇಲ್ಲದ ಗರ್ಭಿಣಿಯರು ಮುಂಚಿತವಾಗಿಯೇ ಶ್ರೋಣಿತಳದ ವ್ಯಾಯಾಮ ಆರಂಭಿಸಿದರೆ, ಗರ್ಭಾವಸ್ಥೆಯ ಕೊನೆಯ ಹಂತದಲ್ಲಿ ಆ ತೊಂದರೆ ಕಾಣಿಸಿಕೊಳ್ಳುವ ಸಂಭವ ಶೇ 62ರಷ್ಟು ಕಡಿಮೆಯಾಗುತ್ತದೆ ಎಂಬುದು ಅದರ ನಿರ್ಣಯ. ಔಷಧವಿಲ್ಲ, ಯಂತ್ರವಿಲ್ಲ, ಹಣವಿಲ್ಲ.

ವ್ಯಾಯಾಮದ ವಿಧಾನವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಜನರ ನಡುವೆ ಕುಳಿತಿರುವಾಗ ವಾಯು ಹೊರಹೋಗದಂತೆ ತಡೆಯುತ್ತೇವಲ್ಲವೇ, ಆಗ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳುವ ಸ್ನಾಯು ಯಾವುದೋ ಅದೇ ಇದು. ಅದನ್ನು ಬಿಗಿಹಿಡಿದು ಮೇಲಕ್ಕೆ ಎಳೆದು, ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿಯಾಗಿ ಸಡಿಲ ಬಿಡಬೇಕು. ತೊಡೆ, ಪಿರ್ರೆ, ಹೊಟ್ಟೆಗಳನ್ನು ಬಿಗಿಯಬಾರದು, ಉಸಿರು ಕಟ್ಟಬಾರದು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ತೊಂದರೆಯಾದೀತು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವೈದ್ಯಕೀಯವಾಗಿ ಪ್ರತಿಪಾದಿಸಿದ ಕಾರಣ ಇದಕ್ಕೆ ಅವರ ಹೆಸರೇ ಬಂದಿದೆ. ಮೂಲಬಂಧ, ಅಶ್ವಿನೀ ಮುದ್ರೆಗಳನ್ನು ಬಲ್ಲವರಿಗೆ ಇದು ತೀರ ಹೊಸದೆನಿಸಲಿಕ್ಕಿಲ್ಲ.

ಸಡಿಲ ಬಿಡುವುದೂ ವ್ಯಾಯಾಮದ ಅರ್ಧ ಭಾಗವೆಂಬುದನ್ನು ಮರೆಯಬಾರದು. ಹೆರಿಗೆಯಲ್ಲಿ ಬೇಕಾಗುವುದು ಅದೇ. ಬೇನೆ ಬಂದಾಗ ಹೆದರಿ ಕೆಳಭಾಗವನ್ನು ಬಿಗಿಹಿಡಿದವಳಿಗೆ ನೋವೂ ಹೆಚ್ಚು, ಹೊತ್ತೂ ಹೆಚ್ಚು. ಇದರ ಜೊತೆಗೆ ವೈದ್ಯರ ಒಪ್ಪಿಗೆ ಪಡೆದು, ಚೊಚ್ಚಲ ಬಸುರಿಯರು 35ನೆಯ ವಾರದಿಂದ ವಾರಕ್ಕೆ ಒಂದೆರಡು ಸಲ, ಶುದ್ಧ ಕೈಗಳಿಂದ ಯೋನಿದ್ವಾರದ ಕೆಳಭಾಗವನ್ನು ಎಣ್ಣೆ ಹಚ್ಚಿ ಮೃದುವಾಗಿ ನೀವಿಕೊಂಡರೆ ಹೊಲಿಗೆ ಹಾಕಬೇಕಾಗುವಂತಹ ಗಾಯ ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆಂದು ಅಧ್ಯಯನಗಳು ಹೇಳುತ್ತವೆ. ರಕ್ತಸ್ರಾವ, ಸೋಂಕು, ಮಾಸು ಕೆಳಗಿರುವುದು, ಅವಧಿಗೆ ಮುನ್ನ ಹೆರಿಗೆಯ ಭಯ ಇರುವವರು ಇದನ್ನು ಮಾಡಕೂಡದು.

ಈಗ ಹೆರಿಗೆ ಕೋಣೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2018ರ ಫೆಬ್ರುವರಿಯಲ್ಲಿ ಹೆರಿಗೆಯ ಆರೈಕೆ ಕುರಿತು 56 ಶಿಫಾರಸುಗಳನ್ನು ಪ್ರಕಟಿಸಿತು. ಎಲ್ಲರಿಗೂ ರೂಢಿಯಂತೆ ಕತ್ತರಿ ಹಾಕಬಾರದು. ಬೇನೆಯ ಅವಧಿಯಲ್ಲಿ ನಡೆದಾಡಲು, ಬೇಕಾದ ಭಂಗಿಯಲ್ಲಿರಲು ಬಿಡಬೇಕು. ಮುಕ್ಕಬೇಕೆಂಬ ಒತ್ತಡ ತಾನಾಗಿ ಬಂದಾಗ ಆಕೆ ಮುಕ್ಕಲಿ. ಆಕೆಗೆ ಬೇಕಾದ ಒಬ್ಬ ಸಂಗಾತಿ ಜೊತೆಗಿರಲಿ. ಇವುಗಳ ನಡುವೆಯೇ ಇನ್ನೊಂದು ಶಿಫಾರಸು ಇದೆ: ಸರಳವಾದ, ಆಕೆಯ ಸಂಸ್ಕೃತಿಗೆ ಒಪ್ಪುವ ರೀತಿಯಲ್ಲಿ ಆಕೆಯೊಡನೆ ಸಂವಹನ ನಡೆಸಬೇಕು. ಇದನ್ನು ಸೌಜನ್ಯದ ಮಾತೆಂದು ತಳ್ಳಿಹಾಕುವವರು ಹೆರಿಗೆಯ ಕೊನೆಯ ಕೆಲವು ನಿಮಿಷಗಳನ್ನು ಗಮನಿಸಬೇಕು. ಅಲ್ಲಿಯವರೆಗೆ ಮುಕ್ಕು ಎಂದು ಹುರಿದುಂಬಿಸಿದ ದಾದಿಯೇ, ತಲೆ ಕಾಣಿಸಿಕೊಂಡು ಚರ್ಮ ಹಿಗ್ಗಿದ ಆ ಗಳಿಗೆಯಲ್ಲಿ, ಇನ್ನು ಮುಕ್ಕಬೇಡ, ಬಾಯಿ ತೆರೆದು ಮೆಲ್ಲನೆ ಉಸಿರು ಬಿಡು ಎಂದು ಹೇಳುತ್ತಾಳೆ. ತಲೆ ನಿಧಾನವಾಗಿ ಹೊರಬಂದರೆ ಹರಿಯುವುದು ಕಡಿಮೆ. ಈ ಸೂಚನೆ ಅರ್ಥವಾಗಲು ಇರುವ ಅವಕಾಶ ಕೆಲವೇ ಕ್ಷಣಗಳದ್ದು. ಅರ್ಥವಾಗದವಳು ಧ್ವನಿಯ ಏರಿಳಿತ ನೋಡಿ ಇನ್ನಷ್ಟು ಬಲವಾಗಿ ಮುಕ್ಕುತ್ತಾಳೆ.

ನಮ್ಮವರಿಗೆ ಮರಾಠಿ ಬರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಬರುತ್ತದೆ. ಇಚಲಕರಂಜಿಯ ಮಗ್ಗಗಳ ಶೆಡ್ಡಿನಲ್ಲಿ, ಗಡಹಿಂಗ್ಲಜದ ಸಂತೆಯಲ್ಲಿ ಕನ್ನಡಿಗರು ಸರಾಗವಾಗಿ ಮರಾಠಿ ಆಡುತ್ತಾರೆ. ಆದರೆ ವ್ಯಾಪಾರದ ಮರಾಠಿ ಬೇರೆ, ಮೈಯೊಳಗಿನ ಮರಾಠಿ ಬೇರೆ. ಬೇನೆಗೆ ಅಲ್ಲಿ ಕಳಾ ಎನ್ನುತ್ತಾರೆ. ಅಂಗಾವರೂನ್ ಜಾಣೇ ಎಂಬ ಮಾತಿಗೆ ಬಿಳಿ ಎಂದು ಸೇರಿಸಿದರೆ ಬಿಳಿಸ್ರಾವ, ಕೆಂಪು ಎಂದು ಸೇರಿಸಿದರೆ ರಕ್ತಸ್ರಾವ. ಗರ್ಭಕೋಶ ಜಾರಿ ಬರುವುದಕ್ಕೆ ಅಂಗ ಬಾಹೇರ್ ಯೇಣೇ ಎನ್ನುತ್ತಾರೆ. ಹುಕ್ಕೇರಿಯ ಹಳ್ಳಿಯಿಂದ ಸೊಸೆಯಾಗಿ ಬಂದು ವರ್ಷವೂ ತುಂಬದ ಹುಡುಗಿಗೆ ಈ ನುಡಿಗಟ್ಟುಗಳು ಎಲ್ಲಿಂದ ಬರಬೇಕು? ಕನ್ನಡದಲ್ಲಿಯೇ ಕಾಲ್ಮಡಿ ಎಂದು ಮರೆಮಾಚಿ ಹೇಳುವ ಸಂಗತಿಯನ್ನು ಆಕೆ ಅಪರಿಚಿತ ಭಾಷೆಯಲ್ಲಿ, ಅತ್ತೆಯನ್ನು ದುಭಾಷಿಯಾಗಿ ಇಟ್ಟುಕೊಂಡು, ಹೇಳಿಕೊಳ್ಳುವುದುಂಟೇ? ವೈದ್ಯರು ಕೇಳುತ್ತಾರೆ, ಆಕೆ ತಲೆಯಾಡಿಸುತ್ತಾಳೆ, ಕಾರ್ಡಿನಲ್ಲಿ ತೊಂದರೆ ಇಲ್ಲ ಎಂದು ದಾಖಲಾಗುತ್ತದೆ.

ಕೊಲ್ಹಾಪುರದ ಮಟ್ಟಿಗೆ ಈ ಪ್ರಶ್ನೆ ಹೊಸದಲ್ಲ. 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವೈದ್ಯಪದವಿ ಪಡೆದ ಆನಂದಿಬಾಯಿ ಜೋಶಿ ಅವರನ್ನು ಕೊಲ್ಹಾಪುರ ಸಂಸ್ಥಾನವು ಇಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ, ಅಂದರೆ ಇಂದಿನ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆಯ, ಮಹಿಳಾ ವಿಭಾಗಕ್ಕೆ ನೇಮಿಸಿತ್ತು. ಹದಿನಾಲ್ಕರ ವಯಸ್ಸಿನಲ್ಲಿ ಹಡೆದ ಮಗು ಹತ್ತೇ ದಿನ ಬದುಕಿದ ದುಃಖ ಆಕೆಯನ್ನು ವೈದ್ಯಶಾಸ್ತ್ರದತ್ತ ಒಯ್ದಿತ್ತು. ಆಕೆಯ ಪ್ರಬಂಧದ ವಿಷಯವೂ ಹಿಂದೂಗಳಲ್ಲಿನ ಪ್ರಸೂತಿ ಶಾಸ್ತ್ರವೇ. ಕೆಲಸಕ್ಕೆ ಸೇರುವ ಮೊದಲೇ, 1887ರ ಫೆಬ್ರುವರಿಯಲ್ಲಿ, ಕ್ಷಯದಿಂದ ಆಕೆ ತೀರಿಕೊಂಡರು. ಮುಂದೆ ಶಾಹೂ ಮಹಾರಾಜರ ಪ್ರೋತ್ಸಾಹದಿಂದ ಡಾ. ಕೃಷ್ಣಾಬಾಯಿ ಕೇಳವಕರ ಅದೇ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ತನ್ನ ಕಷ್ಟವನ್ನು ಪುರುಷ ವೈದ್ಯನ ಮುಂದೆ ಬಾಯಿಬಿಟ್ಟು ಹೇಳಲಾರದ ಹೆಂಗಸಿಗೆ ಹೆಂಗಸೇ ವೈದ್ಯೆಯಾಗಿ ಸಿಗಬೇಕೆಂಬ ಅಂದಿನ ವಾದವನ್ನು ಸಂಸ್ಥಾನ ಒಪ್ಪಿಕೊಂಡಿತ್ತು. ಭಾಷೆಯ ವಾದವೂ ಅದೇ ಜಾತಿಯದು.

ಹೆರಿಗೆಯೇ ಬೇಡ, ಶಸ್ತ್ರಚಿಕಿತ್ಸೆಯೇ ಸುರಕ್ಷಿತ ಎಂಬ ಅಭಿಪ್ರಾಯವೂ ಇತ್ತೀಚೆಗೆ ನಮ್ಮ ಮನೆಗಳಲ್ಲಿ ಬೆಳೆಯುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಸಿಸೇರಿಯನ್ ಹೆರಿಗೆಗಳು ಮಹಾರಾಷ್ಟ್ರದಲ್ಲಿ ಶೇ 25.4, ಕರ್ನಾಟಕದಲ್ಲಿ ಶೇ 31.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಶೇ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ತಾಯಿಯ ದೇಹ ಎರಡೂ ಕಡೆ ಒಂದೇ ಆಗಿರುವಾಗ ಈ ಅಂತರಕ್ಕೆ ವೈದ್ಯಕೀಯ ಕಾರಣವೊಂದನ್ನೇ ಹೇಳಲಾಗದು. ಸಿಸೇರಿಯನ್ ಜೀವ ಉಳಿಸುವ ಚಿಕಿತ್ಸೆ, ಅಗತ್ಯವಿದ್ದಾಗ ಹಿಂಜರಿಯಬಾರದು. ಅದರಿಂದ ಶ್ರೋಣಿತಳದ ಹರಿತ ತಪ್ಪುತ್ತದೆಂಬುದೂ ಬಹುಮಟ್ಟಿಗೆ ಸರಿ. ಆದರೆ ಗರ್ಭದ ಭಾರ, ಅಂಟುರಸಗಳ ಪರಿಣಾಮ ಎಲ್ಲರಿಗೂ ಒಂದೇ ಆದ್ದರಿಂದ ಮೂತ್ರ ಸೋರಿಕೆ ಅವರನ್ನೂ ಬಿಡುವುದಿಲ್ಲ; ವ್ಯಾಯಾಮ ಅವರಿಗೂ ಬೇಕು.

ನಿರ್ಲಕ್ಷ್ಯದ ಬೆಲೆ ಏನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಪ್ರತಿ ವರ್ಷ ಕಬ್ಬಿನ ಹಂಗಾಮಿನಲ್ಲಿ ಬೀಡ್ ಜಿಲ್ಲೆಯಿಂದ ಗಂಡ ಹೆಂಡತಿ ಜೋಡಿಯಾಗಿ ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳ ಗದ್ದೆಗಳಿಗೆ ಕಡಿಯಲು ಬರುತ್ತಾರೆ. ಒಂದು ದಿನ ರಜೆಯಾದರೆ ಮುಕಾದಮನಿಗೆ ದಂಡ ತೆರಬೇಕು. 2019ರಲ್ಲಿ ನೀಲಂ ಗೋರ್ಹೆ ಅವರ ನೇತೃತ್ವದ ಸಮಿತಿಗಾಗಿ ಬೀಡ್ ಜಿಲ್ಲೆಯ 82,309 ಕಬ್ಬು ಕಡಿಯುವ ಮಹಿಳೆಯರ ಸಮೀಕ್ಷೆ ನಡೆದಾಗ 13,861 ಮಂದಿಯ ಗರ್ಭಕೋಶವನ್ನು ತೆಗೆದುಹಾಕಿರುವುದು ಕಂಡುಬಂತು. ಕರ್ನಾಟಕವೇನೂ ಹಿಂದುಳಿದಿಲ್ಲ: ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರ ಮೇಲೆ ನಡೆದ ಇಂಥದೇ ಶಸ್ತ್ರಚಿಕಿತ್ಸೆಗಳು 2015ರಲ್ಲಿ ದೊಡ್ಡ ಸುದ್ದಿಯಾದವು. ಬಿಳಿಸ್ರಾವ, ಸೊಂಟನೋವು, ಕೆಳಗೆ ಜಾರಿದಂತಾಗುವುದು ಎಂದು ಬಂದವರಿಗೆ ಗರ್ಭಚೀಲ ಕೆಟ್ಟಿದೆ, ಇಟ್ಟುಕೊಂಡರೆ ಕ್ಯಾನ್ಸರ್ ಆದೀತು ಎಂಬ ಭಯ ಹುಟ್ಟಿಸುವುದು ಇಂತಹ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ದೂರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿತು.

ಆರಂಭದ ಹಂತದಲ್ಲಿ ಗರ್ಭಕೋಶ ಜಾರಿದ್ದರೆ ಶ್ರೋಣಿತಳದ ವ್ಯಾಯಾಮದಿಂದ ಉಪಶಮನ ದೊರೆಯುತ್ತದೆ. ಇನ್ನಷ್ಟು ಜಾರಿದ್ದರೆ ಒಳಗೆ ಇರಿಸಿ ಆಧಾರ ಕೊಡುವ ರಬ್ಬರ್ ಅಥವಾ ಸಿಲಿಕೋನ್ ಬಳೆ ಇದೆ. ಕೊನೆಯದಾಗಿ ಶಸ್ತ್ರಚಿಕಿತ್ಸೆ. ಜೋಲಿ ಸಡಿಲವಾಗಿರುವಾಗ ಅದರೊಳಗಿನ ಗರ್ಭಕೋಶವನ್ನಷ್ಟೇ ತೆಗೆದರೆ ಜೋಲಿ ಬಿಗಿಯಾಗುವುದಿಲ್ಲ. ಉಳಿದ ಅಂಗಗಳು ಜಾರಬಹುದು. ಅಂಡಾಶಯಗಳನ್ನೂ ತೆಗೆದರಂತೂ ಮೂವತ್ತೈದರ ಹೆಂಗಸಿಗೆ ಮುಟ್ಟು ನಿಂತವರ ಎಲುಬು ಸವೆತ ಆರಂಭವಾಗುತ್ತದೆ.

ನಮ್ಮ ಬಾಣಂತನದ ಪದ್ಧತಿಗಳಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳವಿದೆ. ನಲವತ್ತು ದಿನ ಭಾರ ಎತ್ತಿಸದೆ ವಿಶ್ರಾಂತಿ ಕೊಡುವುದು ಶ್ರೋಣಿತಳಕ್ಕೆ ಅಜ್ಜಿಯರು ಕೊಟ್ಟ ನಿಜವಾದ ರಕ್ಷಣೆ. ಆದರೆ ನೀರು ಕುಡಿದರೆ ಶೀತವೆಂದು ಬಾಣಂತಿಗೆ ನೀರನ್ನು ಅಳೆದು ಕೊಡುವ ರೂಢಿಯನ್ನು ಬಿಡಬೇಕು. ಅದರಿಂದ ಮಲಬದ್ಧತೆಯಾಗಿ, ಹೊಲಿಗೆಯ ಜಾಗದ ಮೇಲೆ ತಿಣುಕಿ, ಸಡಿಲಾದ ಸ್ನಾಯು ಇನ್ನಷ್ಟು ಜಗ್ಗುತ್ತದೆ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟುವುದರಿಂದ ಬೆನ್ನಿಗೆ ಹಿತವೆನಿಸಬಹುದು, ತಳದ ಸ್ನಾಯು ಗಟ್ಟಿಯಾಗುವುದಿಲ್ಲ. ಮಗ್ಗದ ಕೆಲಸಗಾರ್ತಿಯರ ಮಾತು ಬೇರೆ. 2017ರ ತಿದ್ದುಪಡಿಯಂತೆ 26 ವಾರಗಳ ಹೆರಿಗೆ ರಜೆ ಇರುವುದು ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ. ನಾಲ್ಕಾರು ಜನರ ಶೆಡ್ಡಿನಲ್ಲಿ ಅಥವಾ ಮನೆಯಲ್ಲೇ ಕೂತು ನೂಲು ಸುತ್ತುವವಳಿಗೆ ಅಜ್ಜಿಯ ನಲವತ್ತು ದಿನಗಳೂ ದಕ್ಕುವುದು ಕಷ್ಟ.

ಹಾಗಾದರೆ ಕೇಳಬೇಕಾದದ್ದೇನು? ಭಾಷಿಕ ಅಲ್ಪಸಂಖ್ಯಾತರು ಶೇ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಇರಬೇಕೆಂಬುದು 1956ರ ಕೇಂದ್ರ ಸರ್ಕಾರದ ಜ್ಞಾಪನಪತ್ರ ಮತ್ತು 1961ರ ಮುಖ್ಯಮಂತ್ರಿಗಳ ಸಮ್ಮೇಳನದ ಒಪ್ಪಂದ. ಸಂವಿಧಾನದ 350ಬಿ ವಿಧಿಯಂತೆ ಇದನ್ನು ನೋಡಿಕೊಳ್ಳಲು ವಿಶೇಷ ಅಧಿಕಾರಿಯೇ ಇದ್ದಾರೆ. ನಾವು ಈ ಹಕ್ಕನ್ನು ಶಾಲೆ, ಶಿಕ್ಷಕರ ನೇಮಕಾತಿ, ನಾಮಫಲಕಗಳಿಗಾಗಿ ಬಳಸಿದ್ದೇವೆ. ಹೆರಿಗೆ ಆಸ್ಪತ್ರೆಗಾಗಿ ಬಳಸಿದಂತೆ ಕಾಣುವುದಿಲ್ಲ. ಕನ್ನಡದಲ್ಲಿ ಮುದ್ರಿಸುವುದು ಮಹಾರಾಷ್ಟ್ರಕ್ಕೆ ಅಸಾಧ್ಯವೂ ಅಲ್ಲ. ನಮ್ಮ ಮಕ್ಕಳ ಚೀಲದಲ್ಲಿರುವ ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸುತ್ತಿರುವುದು ಪುಣೆಯ ಬಾಲಭಾರತಿಯೇ. ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಅಚ್ಚುಮಾಡುವ ರಾಜ್ಯಕ್ಕೆ ನಾಲ್ಕು ಪುಟಗಳ ಹೆರಿಗೆ ಸಿದ್ಧತೆಯ ಕೈಪಿಡಿ ಭಾರವಾಗಲಾರದು. ಗಡಿಯಾಚೆ ಆರೋಗ್ಯ ಇಲಾಖೆಯ ಕನ್ನಡ ಸಾಮಗ್ರಿ ಇದ್ದೇ ಇದೆ. ಎರಡು ಜಿಲ್ಲಾ ಆಡಳಿತಗಳು ಮನಸ್ಸು ಮಾಡಿದರೆ ಅದನ್ನೇ ಬಳಸಬಹುದು.

ಕೈಪಿಡಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಒಬ್ಬ ಮಹಿಳಾ ಸಂಗಾತಿ ಜೊತೆಗಿರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅನುಮತಿ ನೀಡಿದೆ. ಆ ಸಂಗಾತಿ ಎರಡೂ ಭಾಷೆ ಬಲ್ಲ ಅಕ್ಕನೋ ಚಿಕ್ಕಮ್ಮನೋ ಆಗಿರಲಿ. ಈ ಆಯ್ಕೆಯನ್ನು ಕುಬಸದ ದಿನವೇ ಮಾಡಿಬಿಡುವುದು ಒಳಿತು. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆಯಾಗಲಿ, ಇಚಲಕರಂಜಿಯ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆಯಾಗಲಿ, ಅಲ್ಲಿ ಹೋದಾಗ ವ್ಯಾಯಾಮದ ಬಗ್ಗೆ ಬಾಯಿಬಿಟ್ಟು ಕೇಳಬೇಕು. ತವರಿಗೆ ಬಂದವರು ಹಳೆಯ ಕಾರ್ಡನ್ನು ತಪ್ಪದೆ ತರಬೇಕು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ಮನೆಗೆ ಮರಳುವ ವಾಹನ ಎಲ್ಲವೂ ಉಚಿತ.

ಹೆರಿಗೆಯ ನಂತರ ಆಶಾ ಕಾರ್ಯಕರ್ತೆ 42ನೆಯ ದಿನದವರೆಗೆ ಆರು ಬಾರಿ ಮನೆಗೆ ಬರುತ್ತಾಳೆ. ಮಗುವನ್ನು ತೂಗುತ್ತಾಳೆ, ತಾಯಿಗೆ ಜ್ವರ, ರಕ್ತಸ್ರಾವಗಳಿವೆಯೇ ಎಂದು ನೋಡುತ್ತಾಳೆ. ಕೊನೆಯ ಭೇಟಿಯ ದಿನ ಅತ್ತೆ, ಗಂಡ ಹೊರಗಿದ್ದು, ಕೆಮ್ಮಿದರೆ ಸೋರುತ್ತದೆಯೇ, ಕೆಳಗೆ ಭಾರವೆನಿಸುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಬಾಣಂತಿಗೆ ಅವಳ ಮಾತಿನಲ್ಲಿ ಯಾರಾದರೂ ಕೇಳಬೇಕು. ಆಶಾ ಕಾರ್ಯಕರ್ತೆಗೆ ಕನ್ನಡ ಬಾರದಿದ್ದರೆ ಪಕ್ಕದ ಮನೆಯ ಕನ್ನಡ ಶಾಲೆಯ ಶಿಕ್ಷಕಿ ಕೇಳಬಹುದು. ಹೌದು ಎಂಬ ಉತ್ತರ ಬಂದರೆ ಅಂದಿನಿಂದಲೇ ದಿನಕ್ಕೆ ಮೂರು ಸಲ, ಎಂಟೆಂಟು ಬಾರಿ; ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಸ್ತ್ರೀರೋಗ ತಜ್ಞೆ ಅಥವಾ ಫಿಸಿಯೋಥೆರಪಿಸ್ಟ್ ಬಳಿಗೆ. ಗರ್ಭಕೋಶ ತೆಗೆಸಬೇಕೆಂದು ಯಾರಾದರೂ ಹೇಳಿದರೆ ಇನ್ನೊಂದು ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯದೆ ಒಪ್ಪಿಗೆಯ ಕಾಗದಕ್ಕೆ, ವಿಶೇಷವಾಗಿ ತನಗೆ ಓದಲು ಬಾರದ ಭಾಷೆಯಲ್ಲಿರುವ ಕಾಗದಕ್ಕೆ, ಸಹಿ ಹಾಕಕೂಡದು.